ಮಾಳಿಂಗಪ್ಪನ ದಮ್ಮಿನ ಗಾಡಿ

ಮಾಳಿಂಗಪ್ಪನ ಆಟೋ ತೆಲಂಗಾಣದ ಗಡಿಯೂರು ಮಾಗನೂರಿನಿಂದ ಮಕ್ತಲ್ ಪೇಟೆಯ ಕಡೆಗೆ ಹೋಯಿತೆಂದರೆ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಗಾಡಿ ಕಣ್ಮರೆಯಾದರೂ ಅದರ ಕರಿ ಹೊಗೆ ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ದಾರಿಯಲ್ಲಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಮಾಳಿಂಗಪ್ಪನಿಗೆ ಅದೂ ಒಂದು ಹೊಗಳಿಕೆಯೇ.

"ನನ್ನ ಗಾಡಿಗೆ ದಮ್ಮೈತ್ರೀ, ಅದಕ್ಕ ಇಷ್ಟು ಹೊಗಿ ಬಿಡ್ತೈತಿ" ಎಂದು ಮೀಸೆ ತಿರುವುತ್ತಿದ್ದ.

ಆಟೋದ ಹಿಂಬದಿಯಲ್ಲಿ ರಸ್ತೆಗೆ ಮುಖಮಾಡಿ ಕೂರುವ ಒಂದು ಸೀಟಿತ್ತು. ಅದು ಅವನ ತಾಯಿ ಮೈಲಮ್ಮನ ಜಾಗ. ಮಕ್ತಲ್‌ನಲ್ಲಿ ತರಕಾರಿ ಮಾರಲು ಅವಳು ಬುಟ್ಟಿ ಹಿಡಿದು ಅಲ್ಲಿಯೇ ಕೂರುತ್ತಿದ್ದಳು. ಒಳಗಿನ ಒಳ್ಳೆಯ ಸೀಟು ಬಾಡಿಗೆ ಕೊಡುವವರಿಗೆ, ಮನೆಯವರು ಹಿಂದೆ. ಇದನ್ನು ಯಾರೂ ತಪ್ಪೆಂದುಕೊಂಡಿರಲಿಲ್ಲ, ಮೈಲಮ್ಮನೂ ಕೂಡ.

ಮೈಲಮ್ಮನ ದನಿ ಊರಿಗೇ ಗೊತ್ತು. ಭಾನುವಾರ ಬೀರಪ್ಪನ ಗುಡಿಯಲ್ಲಿ ಹಾಡಿನ ಮೊದಲ ಸಾಲು ಎತ್ತುವವಳು ಅವಳೇ; ಉಳಿದ ಹೆಂಗಸರು ಆಮೇಲೆ ದನಿಗೂಡಿಸುತ್ತಿದ್ದರು. ಈಚೆಗೆ ಆ ಸಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಕೆಮ್ಮು ಬಂದು ಕುಳಿತುಬಿಡುತ್ತಿದ್ದಳು. ಹಾಡು ಬಿಡಬೇಕಾಗುತ್ತದೆಂಬ ಸಂಕಟ ಒಳಗಿದ್ದರೂ, ಕೇಳಿದವರಿಗೆ "ವಯಸ್ಸಾತಲ್ಲವ್ವಾ" ಎನ್ನುತ್ತಿದ್ದಳು.

ಒಂದು ಸಂತೆಯ ದಿನ ಊರಿನ ಆಶಾ ಕಾರ್ಯಕರ್ತೆ ಗಂಗಾಂಬಿಕಾ ಅದೇ ಆಟೋ ಹತ್ತಿದಳು. ಮಕ್ತಲ್‌ನಲ್ಲಿ ಗಾಡಿಗಳ ಹೊಗೆ ತಪಾಸಣೆ ಜೋರಾಗಿದೆಯೆಂಬ ಮಾತು ಬಂತು. ಮಾಳಿಂಗಪ್ಪ ನಕ್ಕ.

"ನನ್ನ ಹತ್ರ ಕಾಗದ ಐತಕ್ಕಾ. ನಂಬರ್ ಪ್ಲೇಟಿನ ಫೋಟೋ ಕಳಿಸಿದೆ, ತಪಾಸಣಿ ಸೆಂಟರಿನವ್ರು ಪಾಸ್ ಅಂತ ಕೊಟ್ರು. ಗಾಡಿ ಮನಿ ಮುಂದಿಂದ ಅಳ್ಳಾಡಲಿಲ್ಲ."

"ಹಿಂದ ದೊಡ್ಡವ್ವ ಕೆಮ್ಮತಾಳಲ್ಲಣ್ಣಾ, ಆಕಿನ್ನ ಡಾಕ್ಟರಿಗೆ ತೋರಿಸ್ತೀಯೋ, ಆಕಿ ಫೋಟೋ ಕಳಿಸ್ತೀಯೋ?" ಎಂದಳು ಗಂಗಾಂಬಿಕಾ.

ಗಾಡಿಯಲ್ಲಿದ್ದವರೆಲ್ಲ ನಕ್ಕರು. ಮಾಳಿಂಗಪ್ಪ ಸೋಲುವ ಆಸಾಮಿಯಲ್ಲ.

"ತಪಾಸಣಿ ಹೈದರಾಬಾದಿನಾಗ ಮಾಡ್ಲಿ, ಅಲ್ಲಿ ಗಾಡಿ ರಗಡ ಅದಾವ. ಇಲ್ಲಿ ಕೃಷ್ಣಾ ಹೊಳಿ ಗಾಳಿ ಬೀಸಿದ್ರ ಹೊಗಿ ರಾಯಚೂರು ದಾಟತೈತಿ. ದೊಡ್ಡ ದೊಡ್ಡ ಲಾರಿ ಬಿಟ್ಟು ನಮ್ಮಂಥ ಬಡವ್ರನ್ನ ಯಾಕ ಹಿಡೀಬೇಕು?"

"ಲಾರಿನೂ ಹಿಡೀಬೇಕಣ್ಣಾ, ಆ ಮಾತು ಖರೇನ. ಆದ್ರ ಹೊಗಿ ರಾಯಚೂರಿಗೆ ಹೋಗೂದಕ್ಕಿಂತ ಮೊದ್ಲು ಹಿಂದಿನ ಸೀಟಿಗೆ ಬರ್ತೈತಲ್ಲ."

ಮಾಳಿಂಗಪ್ಪ ಜೋರಾಗಿ ಹಾರ್ನ್ ಹೊಡೆದ.

ಮಕ್ತಲ್ ಹತ್ತಿರ ಲಾರಿಯೊಂದು ಕೆಟ್ಟು ನಿಂತು ರಸ್ತೆ ಕಟ್ಟಿಹೋಗಿತ್ತು. ಮಾಳಿಂಗಪ್ಪ ಇಂಜಿನ್ ಆರಿಸಲಿಲ್ಲ. ದಾರಿ ಬಿಡಲೆಂದು ಎಕ್ಸಲರೇಟರ್ ತಿರುವುತ್ತಲೇ ಇದ್ದ. ಹೊಗೆ ಹಿಂದೆ ಮೋಡದ ಹಾಗೆ ಕವಿಯಿತು. ಮೈಲಮ್ಮ ತಗಡು ಬಡಿದು ಕರೆದಳು. ಇಂಜಿನ್ ಸದ್ದಿನಲ್ಲಿ ಮಗನಿಗೆ ಕೇಳಲಿಲ್ಲ.

ಗಂಗಾಂಬಿಕಾಗೆ ಕೇಳಿತು. "ಅಣ್ಣಾ, ಮೊದ್ಲು ಗಾಡಿ ಬಂದ್ ಮಾಡು" ಎಂದು ಇಳಿದು ಓಡಿದಳು. ಮೈಲಮ್ಮನ ಬುಟ್ಟಿ ಕೆಳಗೆ ಬಿದ್ದು ಬದನೆಕಾಯಿ ಚೆಲ್ಲಿದ್ದವು. ಅವಳು ಎರಡೂ ಕೈಯಿಂದ ಎದೆ ಒತ್ತಿಕೊಂಡಿದ್ದಳು. ಬಾಯಿ ತೆರೆದಿದ್ದರೂ ಉಸಿರು ಒಳಗೆ ಹೋಗುತ್ತಿರಲಿಲ್ಲ. ಮಾಳಿಂಗಪ್ಪ ಇಂಜಿನ್ ಆರಿಸಿ ಓಡಿಬಂದು ಅವ್ವನನ್ನು ಎತ್ತಿಕೊಂಡ.

ಹೇಗೋ ದಾರಿ ಮಾಡಿಕೊಂಡು ಆಸ್ಪತ್ರೆ ಮುಟ್ಟಿಸಿದರು. ಮುಖಕ್ಕೆ ಮಾಸ್ಕ್ ಇಟ್ಟು ಔಷಧಿ ಕೊಟ್ಟ ಮೇಲೆ ಮೈಲಮ್ಮ ಕಣ್ಣು ತೆರೆದು ಮಗನ ಕೈ ಹಿಡಿದಳು.

"ಇದು ದಮ್ಮು, ಉಬ್ಬಸದ ಕಾಯಿಲೆ" ಎಂದರು ಡಾಕ್ಟರಮ್ಮ. "ಔಷಧಿ ತಪ್ಪಿಸಬೇಡಿ. ಒಲೆ ಹೊಗೆ, ಬೀಡಿ ಹೊಗೆ, ಗಾಡಿ ಹೊಗೆ, ಯಾವುದೂ ಹತ್ತಿರ ಸುಳಿಯಬಾರದು."

ಮಾಳಿಂಗಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ತಾನು ಮೀಸೆ ತಿರುವಿ ಹೇಳಿದ್ದ ಮಾತೇ ಅದು.

ಹೊರಗೆ ಬಂದು ಗಂಗಾಂಬಿಕಾಗೆ ಹೇಳಿದ: "ನಾಳಿಂದ ಅವ್ವನ್ನ ಹಿಂದ ಕುಂದರಸಂಗಿಲ್ಲಕ್ಕಾ. ಮುಂದ ಜಾಗಾ ಮಾಡಿಕೊಡ್ತೀನಿ."

"ಛಲೋ ಆತಣ್ಣಾ. ಹಿಂದ ಯಾರ ಅವ್ವನ್ನ ಕುಂದರಸ್ತಿ?"

ಮಾಳಿಂಗಪ್ಪ ತಲೆ ತಗ್ಗಿಸಿದ. ಒಳಗೆ ಜಾಗ ಸಾಲದಾದಾಗ ಆ ಸೀಟಿನಲ್ಲಿ ಶಾಲೆಯ ಮಕ್ಕಳು ಕೂತಿದ್ದರು, ಬಸುರಿಯರು ಕೂತಿದ್ದರು. ಅವರ್ಯಾರೂ ಏನೂ ಅಂದಿರಲಿಲ್ಲ. ಅಂದಿದ್ದರೂ ಅವನಿಗೆ ಕೇಳುತ್ತಿತ್ತೋ ಇಲ್ಲವೋ.

ಮರುದಿನ ಫೋಟೋ ಕಳಿಸಲಿಲ್ಲ. ಗಾಡಿಯನ್ನೇ ತಪಾಸಣೆಗೆ ಒಯ್ದ. ಸೈಲೆನ್ಸರ್ ಬಾಯಿಗೆ ಕೊಳವೆ ಇಟ್ಟು ಇಂಜಿನ್ ಜೋರು ಮಾಡಿಸಿದರು. ಫೇಲ್. ಅಲ್ಲಿಂದ ಮೆಕ್ಯಾನಿಕ್ ರಾಮುಲು ಹತ್ತಿರ ಹೋದ. ರಾಮುಲು ಏರ್ ಫಿಲ್ಟರ್ ಬಿಚ್ಚಿ ತೋರಿಸಿದ. ಊರೂರಿನ ಧೂಳೆಲ್ಲ ಅದರೊಳಗೇ ಮನೆ ಮಾಡಿತ್ತು.

"ಬಂಡಿಕಿ ಊಪಿರಿ ಆಡ್ತಲೇದನ್ನಾ" ಎಂದ ರಾಮುಲು ತನ್ನ ತೆಲುಗಿನಲ್ಲಿ. ಆಮೇಲೆ ಕನ್ನಡಕ್ಕೆ ಬಂದ: "ಗಾಡಿಗೆ ಉಸಿರಾಡಾಕ ಗಾಳಿ ಸಿಗವಲ್ದು. ಗಾಳಿ ಇಲ್ಲಂದ್ರ ಡೀಸೆಲ್ ಪೂರಾ ಉರಿಯಂಗಿಲ್ಲ, ಕರಿ ಹೊಗಿ ಆಗಿ ಹೊರಗ ಬೀಳ್ತೈತಿ."

"ಹಂಗಾರ ನನ್ನ ಗಾಡಿಗೂ ದಮ್ಮು ಹತ್ತಿತ್ತೇನೋ ರಾಮುಲು?"

"ಹೂನಣ್ಣಾ. ನೀ ದಮ್ಮೈತಿ ದಮ್ಮೈತಿ ಅಂತಿದ್ಯಲ್ಲ, ಖರೇನ ಹೇಳಿದ್ದಿ."

ಹೊಸ ಫಿಲ್ಟರ್ ಹಾಕಿ, ಡೀಸೆಲ್ ಚಿಮ್ಮುವ ನಾಜಲ್ ಸರಿಮಾಡಿದ ಮೇಲೆ ಗಾಡಿ ತಪಾಸಣೆಯಲ್ಲಿ ಪಾಸಾಯಿತು. ಏರಿನಲ್ಲಿ ಮೊದಲಿಗಿಂತ ಸಲೀಸಾಗಿ ಹತ್ತುತ್ತದೆ, ಡೀಸೆಲ್ಲೂ ಕಡಿಮೆ ಕುಡಿಯುತ್ತದೆ ಎಂದು ಈಗ ಮಾಳಿಂಗಪ್ಪನೇ ಸ್ಟ್ಯಾಂಡಿನಲ್ಲಿ ಉಳಿದ ಆಟೋದವರ ತಲೆ ತಿನ್ನುತ್ತಾನೆ. ರಸ್ತೆ ಕಟ್ಟಿದರೆ ಮೊದಲು ಇಂಜಿನ್ ಆರಿಸುತ್ತಾನೆ.

ಮೈಲಮ್ಮ ಔಷಧಿ ಬಿಟ್ಟಿಲ್ಲ. ಕೆಲವು ವಾರ ಗುಡಿಯಲ್ಲಿ ಸುಮ್ಮನೆ ಕೂತು ಕೇಳಿದಳು. ಆಮೇಲೊಂದು ಭಾನುವಾರ ತಾನಾಗಿಯೇ ದನಿ ಎತ್ತಿದಳು. ಹೊರಗೆ ಆಟೋ ನಿಲ್ಲಿಸಿಕೊಂಡಿದ್ದ ಮಾಳಿಂಗಪ್ಪ, ಸಾಲು ಎಲ್ಲಿ ಮುರಿಯುತ್ತದೋ ಎಂದು ಉಸಿರು ಬಿಗಿಹಿಡಿದು ಕೇಳಿದ. ಮುರಿಯಲಿಲ್ಲ. ಮೊದಲ ಸಾಲನ್ನು ಅವಳು ಒಂದೇ ದಮ್ಮಿನಲ್ಲಿ ಮುಗಿಸಿದಳು. ಹೆಂಗಸರೆಲ್ಲ ದನಿಗೂಡಿಸಿದರು. ಮಾಳಿಂಗಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಹೊಗೆ ತಪಾಸಣೆಗೆ ಗಾಡಿಯನ್ನೇ ಒಯ್ಯಿರಿ, ಫೋಟೋವನ್ನಲ್ಲ. ಫೇಲಾದರೆ ನಾಚಿಕೆಪಡಬೇಡಿ, ರಿಪೇರಿ ಮಾಡಿಸಿ. ದೊಡ್ಡ ಗಾಡಿಗಳನ್ನೂ ಬಿಡದೆ ನೋಡಿರೆಂದು ಅಧಿಕಾರಿಗಳನ್ನು ಕೇಳಿ. ಕೇಳುವ ಮೊದಲು ನಿಮ್ಮ ಗಾಡಿ ಸರಿ ಇರಲಿ. ನಾಳೆ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿದಾಗ ಒಮ್ಮೆ ಹಿಂದೆ ತಿರುಗಿ ನೋಡಿ. ಅಲ್ಲಿ ಯಾರದೋ ಅವ್ವ ಕೂತಿರುತ್ತಾಳೆ.