ಮೂರು ಅಂಗಡಿಗಳ ಒಂದೇ ಲಕೋಟೆ

ನಡೆಯಲಾರದ ಮಕ್ಕಳ ಆ ಹಗಲು ಕೇಂದ್ರದಲ್ಲಿ ಮಕ್ಕಳು ಒಂಬತ್ತು, ಗಾಲಿಕುರ್ಚಿ ಮೂರು. ಮೂವರು ಕುರ್ಚಿಯಲ್ಲಿ ಕೂತು ಬೀದಿ ನೋಡುವಾಗ ಉಳಿದ ಆರು ಮಕ್ಕಳು ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದರು. ಸರದಿ ಬದಲಾಗುವಾಗ ಅಳು ಇದ್ದದ್ದೇ.

ಕೇಂದ್ರದ ಕಾರ್ಯದರ್ಶಿಯನ್ನು ಎಲ್ಲರೂ, ಅವಳಿಗಿಂತ ದೊಡ್ಡವರೂ, ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆರು ಗಾಲಿಕುರ್ಚಿ ಕೊಳ್ಳಲು ಸರ್ಕಾರದ ಅನುದಾನ ಬಂದಾಗ ಅವಳು ಮಂಜೂರಾತಿ ಪತ್ರದ ಮೊದಲ ಪುಟವನ್ನು ಎರಡು ಸಲ ಓದಿದಳು. ಮುಂದಿನ ಪುಟಗಳಲ್ಲಿ ಸಣ್ಣ ಅಕ್ಷರದ ಷರತ್ತುಗಳಿದ್ದವು. ಆಮೇಲೆ ನೋಡಿದರಾಯಿತು ಎಂದು ಮಡಿಸಿಟ್ಟಳು.

ಅದೇ ವಾರ ಅವಳ ತಂಗಿಯ ಸಂಸ್ಥೆಗೂ ಅನುದಾನ ಬಂದಿತ್ತು. ತಂಗಿ ಎರಡು ಬೀದಿ ಆಚೆ ವೃದ್ಧರ ಹಗಲುಮನೆ ನಡೆಸುತ್ತಿದ್ದಳು. ವಯಸ್ಸು ನಲವತ್ತೆಂಟಾದರೂ ಅವಳು ಇನ್ನೂ ಪುಟ್ಟಿಯೇ. ತಿಂಗಳು ಕಳೆಯುವುದರಲ್ಲಿ ಪುಟ್ಟಿಯ ಬಾಗಿಲಿಗೆ ಲಾರಿ ಬಂದು ಹತ್ತು ಮಂಚ ಇಳಿಸಿತು.

ದೊಡ್ಡಕ್ಕನ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಚಿಕ್ಕಂದಿನಿಂದಲೂ ಹೀಗೇ. ಇಬ್ಬರೂ ಒಂದೇ ದಿನ ಸೈಕಲ್ ಕಲಿಯಲು ಹೊರಟರೆ, ಓಡಿಸಿ ಚಪ್ಪಾಳೆ ಗಿಟ್ಟಿಸಿದವಳು ತಂಗಿ, ಮಂಡಿ ತರಚಿಕೊಂಡವಳು ಅಕ್ಕ. ಈಗ ಅನುದಾನ ಬಳಸಲು ಉಳಿದದ್ದು ಐದೇ ವಾರ. ಅಷ್ಟರಲ್ಲಿ ಕುರ್ಚಿ ಬರದಿದ್ದರೆ ಹಣ ವಾಪಸು, ಆರು ಮಕ್ಕಳಿಗೆ ಚಾಪೆಯೇ ಗತಿ.

ಅವಳು ನೇರವಾಗಿ ಆಸ್ಪತ್ರೆ ಸಾಮಾನು ಮಾರುವ ವ್ಯಾಪಾರಿಯ ಅಂಗಡಿಗೆ ಹೋದಳು.

"ಕೊಳ್ಳೋ ಮುಂಚೆ ಮೂರು ಅಂಗಡಿಯಿಂದ ದರದ ಕೊಟೇಶನ್ ಬೇಕಂತೆ. ಎಲ್ಲಿಂದ ತರೋದು?"

"ಅದಕ್ಯಾಕೆ ತಲೆ ಕೆಡಿಸ್ಕೋತೀರಿ ಅಕ್ಕಾ, ಮೂರೂ ನಾನೇ ಕೊಡ್ತೀನಿ," ಎಂದ ವ್ಯಾಪಾರಿ. ಮೇಜಿನ ಖಾನೆಯಿಂದ ಮೂರು ಅಂಗಡಿಗಳ ಹೆಸರಿನ ಕಾಗದ ತೆಗೆದ. ಮೂರಕ್ಕೂ ಒಂದೇ ಪೆನ್ನಿನಲ್ಲಿ ದರ ಬರೆದ, ತನ್ನದನ್ನು ಎಲ್ಲಕ್ಕಿಂತ ಕಡಿಮೆ ಮಾಡಿದ, ಮೂರು ಮೊಹರು ಒತ್ತಿದ.

ದೊಡ್ಡಕ್ಕ ಒಂದನ್ನು ಎತ್ತಿ ನೋಡಿದಳು. "ಈ ಅಂಗಡಿ ಮುಚ್ಚಿ ವರ್ಷ ಆಯ್ತಲ್ಲ? ಅಲ್ಲೀಗ ಕ್ಷೌರದಂಗಡಿ ಇದೆ."

"ಕಾಗದದಲ್ಲಿ ಇನ್ನೂ ಇದೆಯಲ್ಲಕ್ಕಾ!" ವ್ಯಾಪಾರಿ ನಕ್ಕ. "ಎಲ್ಲರೂ ಹೀಗೇ ಮಾಡೋದು. ಇಲ್ಲದಿದ್ರೆ ನಿಮ್ಮ ತಂಗಿಯವರ ಮಂಚ ಅಷ್ಟು ಬೇಗ ಬರ್ತಿತ್ತಾ?"

ಆ ಮಾತು ದೊಡ್ಡಕ್ಕನ ಕಿವಿಗೆ ಬೆಲ್ಲದಂತೆ ಇಳಿಯಿತು. ಹಾಗಾದರೆ ಪುಟ್ಟಿಯೂ ಇಷ್ಟೇ! ಸಾಲದ್ದಕ್ಕೆ ಅವಳ ಗಂಡನದೇ ಕಬ್ಬಿಣದ ಮಂಚದ ಕಾರ್ಖಾನೆ. ಮನೆಗೇ ಲಾಭ ಮಾಡಿಕೊಂಡಿದ್ದಾಳೆ! ವ್ಯಾಪಾರಿ ಮೂರೂ ಹಾಳೆ ಹಾಕಿಕೊಟ್ಟ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, ತಂಗಿಯ ಬಣ್ಣ ಬಯಲಾಗುವುದನ್ನು ಕಣ್ಣಾರೆ ನೋಡಲು ಹಗಲುಮನೆಗೆ ನಡೆದಳು.

ಪುಟ್ಟಿ ಒಬ್ಬ ಅಜ್ಜನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅಕ್ಕನನ್ನು ಕಂಡು ಮುಖ ಅರಳಿಸಿದಳು.

"ಏನಕ್ಕಾ, ದಾರಿ ತಪ್ಪಿ ಬಂದ್ಯಾ?"

"ಮಂಚ ನೋಡೋಣ ಅಂತ ಬಂದೆ. ಫೈಲೂ ತೋರಿಸು."

ಪುಟ್ಟಿ ಕಪಾಟು ತೆರೆದಳು. ಫೈಲು ತಂದಿಟ್ಟಳು. ಅಕ್ಕ ಕನ್ನಡಕಕ್ಕಾಗಿ ಚೀಲ ತಡಕುವುದನ್ನು ಕಂಡು ತನ್ನದನ್ನೇ ತೆಗೆದು ಕೊಟ್ಟಳು.

ಮೊದಲ ಹಾಳೆಯಲ್ಲಿ ಎಂಥ ಮಂಚ ಬೇಕೆಂದು ಅಲ್ಲಿನ ದಾದಿ ಬರೆದಿದ್ದಳು: ಇಷ್ಟು ಎತ್ತರ, ಅಕ್ಕಪಕ್ಕ ತಡೆಕಂಬಿ, ಬೀಗ ಬೀಳುವ ಗಾಲಿ. ಅದನ್ನೇ ಐದು ಅಂಗಡಿಗೆ ಕಳಿಸಿದ್ದರು. ಮೂರು ಅಂಗಡಿಯವರು ಅಂಟಿಸಿದ ಲಕೋಟೆಯಲ್ಲಿ ಉತ್ತರ ಕೊಟ್ಟಿದ್ದರು. ಹಗಲುಮನೆಯ ಸಮಿತಿಯವರು ಒಟ್ಟಿಗೆ ಕೂತು ಅವನ್ನು ಒಡೆದು ಸಹಿ ಹಾಕಿದ್ದರು.

ದೊಡ್ಡಕ್ಕ ಬೆರಳಿಟ್ಟು ಕೇಳಿದಳು, "ಕಡಿಮೆ ದರದವನನ್ನು ಬಿಟ್ಟಿದ್ದೀಯಲ್ಲ? ಸಿಕ್ಕಿಬಿದ್ದೆ!"

"ಕೆಳಗಡೆ ಓದು. ಅವನ ಮಂಚಕ್ಕೆ ತಡೆಕಂಬಿ ಇರಲಿಲ್ಲ. ಕೇಳಿದ್ದು ಒಂದು, ಕೊಡ್ತೀನಿ ಅಂದಿದ್ದು ಇನ್ನೊಂದು. ಅದನ್ನೇ ಬರೆದಿಟ್ಟಿದ್ದೀವಿ."

"ನಿಮ್ಮೆಜಮಾನ್ರ ಕೊಟೇಶನ್ ಎಲ್ಲಿ?"

"ಎಲ್ಲಿರುತ್ತೆ? ಪದಾಧಿಕಾರಿಗಳ ಮನೆಯವರ ಹತ್ತಿರ ಕೊಳ್ಳೋ ಹಾಗಿಲ್ಲ ಅಂತ ನಮ್ಮ ಷರತ್ತಿನಲ್ಲೇ ಇದೆ. ಅದಕ್ಕೆ ಹತ್ತು ದಿನ ನನ್ನ ಜೊತೆ ಮಾತು ಬಿಟ್ಟಿದ್ರು. ಉಪ್ಪು ಬೇಕಾದ್ರೆ ಗೋಡೆಗೆ ಹೇಳ್ತಿದ್ರು!" ಪುಟ್ಟಿ ನಕ್ಕಳು. "ಆದ್ರೂ ಮಂಚ ಬಂದ ದಿನ ಅವರೇ ಬಂದು ಒಂದೊಂದನ್ನೂ ತಳ್ಳಿ ನೋಡಿದ್ರು. ಎರಡರ ಗಾಲಿ ಸಿಕ್ಕಿಕೊಳ್ತಿತ್ತು. ಬದಲಾಯಿಸಿ ಕೊಟ್ಟ ಮೇಲೇ ಬಿಲ್ ಪಾಸ್ ಮಾಡಿದ್ದು."

ದೊಡ್ಡಕ್ಕ ಹುಡುಕಿಕೊಂಡು ಬಂದದ್ದು ಅಲ್ಲಿ ಇರಲಿಲ್ಲ. ಅಸೂಯೆ ಇನ್ನೂ ಹೆಚ್ಚಾಯಿತು. ತಂಗಿ ಕಳ್ಳಿಯಾಗಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು! ಸಿಟ್ಟಿನಲ್ಲೇ ಲಕೋಟೆ ತೆಗೆದು ಮೇಜಿನ ಮೇಲೆ ಎಸೆದಳು.

"ನೀನು ಜಾಣೆ. ನನ್ನಂಥ ದಡ್ಡರಿಗೆ ಇದೇ ಸಾಕು. ಏನು ತಪ್ಪಿದೆ ಹೇಳು."

ಪುಟ್ಟಿ ಮೂರೂ ಹಾಳೆ ನೋಡಿ, ಮುಚ್ಚಿದ ಅಂಗಡಿಯ ವಿಳಾಸದ ಮೇಲೆ ಬೆರಳಿಟ್ಟಳು. "ತಪಾಸಣೆಗೆ ಬಂದೋರು ಈ ವಿಳಾಸಕ್ಕೆ ಹೋದ್ರೆ ಯಾರು ಸಿಗ್ತಾರೆ?"

"ಕ್ಷೌರದವನು."

"ಅವನ ಹತ್ತಿರ ಗಾಲಿಕುರ್ಚಿ ಕೇಳಿದ್ರೆ ಕೂದಲು ಕತ್ತರಿಸಿ ಕಳಿಸ್ತಾನೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಪುಟ್ಟಿ ಮೆಲ್ಲಗೆ ಹೇಳಿದಳು, "ಅಕ್ಕಾ, ಇದು ಸುಳ್ಳು ದಾಖಲೆ. ಗೊತ್ತಾದ್ರೆ ಕೊಟ್ಟ ಹಣ ವಾಪಸು ಕೇಳ್ತಾರೆ, ಮುಂದಿನ ಅನುದಾನ ನಿಲ್ಲಿಸ್ತಾರೆ. ಕುರ್ಚಿ ಬಿಡು, ಕೇಂದ್ರಕ್ಕೇ ಬೀಗ ಬೀಳುತ್ತೆ. ಸಹಿ ನಿನ್ನದು, ವ್ಯಾಪಾರೀದಲ್ಲ."

"ಐದು ವಾರದಲ್ಲಿ ಆಗುತ್ತೇನೇ?"

"ಆಗುತ್ತೆ. ಇವತ್ತೇ ಷರತ್ತು ಓದು. ಸಾಲೋದಿಲ್ಲ ಅನ್ನಿಸಿದ್ರೆ ಕೊನೇ ದಿನದ ತನಕ ಕಾಯಬೇಡ, ಈಗಲೇ ಇಲಾಖೆಗೆ ಬರೆದು ಹೆಚ್ಚು ದಿನ ಕೇಳು. ನನಗೇನು ಮಂತ್ರ ಗೊತ್ತಿರಲಿಲ್ಲ, ಪತ್ರ ಬಂದ ಮಾರನೇ ದಿನವೇ ಶುರು ಮಾಡಿದ್ದೆ ಅಷ್ಟೇ."

ದೊಡ್ಡಕ್ಕ ಲಕೋಟೆಯನ್ನು ವ್ಯಾಪಾರಿಗೆ ಹಿಂದಿರುಗಿಸಿದಳು.

"ಹಾಗಾದ್ರೆ ನನ್ನ ವ್ಯಾಪಾರ?" ಎಂದ ಅವನು.

"ಏನು ಬೇಕಂತ ನಮ್ಮ ಪಟ್ಟಿ ಬರುತ್ತೆ, ನೀವೂ ದರ ಹಾಕಿ. ನಿಮ್ಮದು ಒಂದೇ ಹಾಕಿ."

ಮರುದಿನ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಟೇಪು ಹಿಡಿದು, ಹೊಸ ಕುರ್ಚಿ ಸಿಗಬೇಕಾದ ಆರು ಮಕ್ಕಳ ಅಳತೆ ತೆಗೆದಳು. ತಾಯಂದಿರು ಪಕ್ಕದಲ್ಲೇ ಕೂತು, ಯಾವ ಮಗು ಎತ್ತ ವಾಲುತ್ತದೆ, ಯಾವುದಕ್ಕೆ ಕತ್ತು ನಿಲ್ಲುವುದಿಲ್ಲ ಎಂದು ಹೇಳಿದರು. ಬೇಕಾದದ್ದು ಮೂರು ಅಳತೆಯ ಕುರ್ಚಿ. ಎರಡಕ್ಕೆ ಕತ್ತಿನ ಆಸರೆ. ದೊಡ್ಡಕ್ಕನಿಗೆ ವ್ಯಾಪಾರಿಯ ಲಕೋಟೆ ನೆನಪಾಯಿತು. ಅದರಲ್ಲಿ ಬರೆದಿದ್ದ ಆರೂ ಕುರ್ಚಿ ದೊಡ್ಡವರ ಅಳತೆಯವು. ಹಣವೂ ಹೋಗಿ ಮಕ್ಕಳು ಚಾಪೆಯ ಮೇಲೇ ಉಳಿಯುತ್ತಿದ್ದರು.

ಪಟ್ಟಿ ಆರು ಅಂಗಡಿಗೆ ಹೋಯಿತು, ನಾಲ್ಕರಿಂದ ಉತ್ತರ ಬಂತು. ಸಮಿತಿ ಹೋಲಿಸಿ ನೋಡಿತು, ಕಾರಣ ಬರೆಯಿತು. ಅವಧಿ ಮುಗಿಯಲು ನಾಲ್ಕು ದಿನ ಇರುವಾಗ ಕುರ್ಚಿಗಳು ಬಂದವು. ಪ್ರತಿ ತಾಯಿಯೂ ತನ್ನ ಮಗುವನ್ನು ಕೂರಿಸಿ ನೋಡಿ, ಸರಿಯಾಗಿದೆ ಎಂದು ಸಹಿ ಹಾಕಿದಳು. ಆಮೇಲೇ ಬಿಲ್ ಪಾಸಾದದ್ದು.

ಪುಟ್ಟಿ ನೋಡಲು ಬಂದಳು. ಕುರ್ಚಿ ನೋಡಿ ಹಿಗ್ಗಿದಳು. ಫೈಲು ತೆರೆದು, ತಾಯಂದಿರ ಆರು ಸಹಿಯ ಹಾಳೆಯ ಮುಂದೆ ನಿಂತುಬಿಟ್ಟಳು.

"ಇದು ನನಗೆ ಹೊಳೀಲೇ ಇಲ್ವಲ್ಲಕ್ಕಾ! ನಮ್ಮ ಅಜ್ಜ ಅಜ್ಜಿಯರನ್ನ ನಾನು ಒಂದು ಮಾತೂ ಕೇಳಲಿಲ್ಲ."

ಅವಳ ಮುಖದಲ್ಲಿ ಹಾದುಹೋದ ಸಣ್ಣ ಕಿಚ್ಚನ್ನು ದೊಡ್ಡಕ್ಕ ಥಟ್ಟನೆ ಗುರುತಿಸಿದಳು. ಎಷ್ಟೋ ವರ್ಷ ಸಾಕಿಕೊಂಡಿದ್ದವಳಿಗೆ ಗುರುತು ಸಿಗದೆ ಇರುತ್ತದೆಯೇ? ಹಿಗ್ಗು ತಡೆಯಲಾಗದೆ, "ಬೇಕಾದ್ರೆ ನಕಲು ಮಾಡಿಕೋ ಪುಟ್ಟಿ," ಎಂದಳು.

ನಿಮ್ಮ ಸಂಘಕ್ಕೂ ಸರ್ಕಾರದ ಅನುದಾನ ಬಂದಿದೆಯೇ? ಈ ಹಾಳೆ ಕೆಳಗಿಟ್ಟು ಮಂಜೂರಾತಿ ಪತ್ರದ ಕೊನೆಯ ಪುಟದವರೆಗೂ ಓದಿ. ಏನು ಬೇಕೆಂದು ಬಳಸುವವರನ್ನೇ ಕೇಳಿ ಬರೆದಿಡಿ. ಬೇರೆ ಬೇರೆ ಅಂಗಡಿಗಳಿಂದ ನೀವೇ ದರ ತರಿಸಿ. ಮೂರನ್ನೂ ಒಬ್ಬನೇ ತಂದುಕೊಡುತ್ತೇನೆಂದರೆ ಕೈ ಮುಗಿದು ಕಳಿಸಿ. ನಿಮ್ಮವರ ಅಂಗಡಿ ಇದ್ದರೆ ಸಮಿತಿಗೆ ಮೊದಲೇ ಹೇಳಿ, ಷರತ್ತು ಏನು ಹೇಳುತ್ತದೋ ಹಾಗೆ ನಡೆಯಿರಿ. ಯಾರನ್ನು ಏಕೆ ಆರಿಸಿದಿರಿ ಎಂದು ಬರೆದಿಡಿ, ಬಂದ ಸಾಮಾನು ಪರೀಕ್ಷಿಸಿಯೇ ಹಣ ಕೊಡಿ. ಪಕ್ಕದ ಸಂಘ ನಿಮಗಿಂತ ಮುಂದೆ ಹೋಯಿತೆಂದು ಹೊಟ್ಟೆ ಉರಿದರೆ ಉರಿಯಲಿ, ಅವರ ಫೈಲು ನೋಡಿ ಬನ್ನಿ. ನಿಮ್ಮದನ್ನು ಅದಕ್ಕಿಂತ ಚೆನ್ನಾಗಿ ಮಾಡಿ.