ಹೆಬ್ಬೆರಳಿನ ಅಳತೆ

ಸೊಲ್ಲಾಪುರದ ಗಿರಣಿ ಬಿಟ್ಟು ಬನಹಟ್ಟಿಗೆ ಮರಳುವಾಗ ಶಿದ್ರಾಮಪ್ಪ ಕಾಕಾ ಒಂದು ಮರಾಠಿ ಪುಸ್ತಕ ತಂದಿದ್ದ. ಇಂಗ್ಲಿಷಿನಿಂದ ಬಂದದ್ದಂತೆ. ನಾವು ಹೆಂಗಸರು ಮಗ್ಗದ ಕಂಡಿಕೆಗೆ ನೂಲು ಸುತ್ತುವಾಗ ಅದನ್ನು ನೋಡುತ್ತ ಕನ್ನಡದಲ್ಲಿ ಹೇಳುತ್ತಿದ್ದ. ಹಡಗು ಒಡೆದು ದಡ ಸೇರಿದವನೊಬ್ಬ. ಆ ದೇಶದ ಜನ ಗೇಣುದ್ದ. ಅವನಿಗೆ ಅಂಗಿ ಹೊಲಿಯಲು ಬಂದವರು ಅವನ ಹೆಬ್ಬೆರಳನ್ನು ಮಾತ್ರ ಅಳೆದರಂತೆ. ಬೆರಳಿನ ಸುತ್ತಳತೆಯ ಎರಡರಷ್ಟು ಮಣಿಕಟ್ಟು, ಅದರ ಎರಡರಷ್ಟು ಕೊರಳು, ಅದರ ಎರಡರಷ್ಟು ನಡು.

ಅವ್ವ ನಕ್ಕಳು. ನಾನು ನಗಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ನನಗೆ ಬರುತ್ತಿದ್ದುದು ಹೊಲಿಗೆಯೊಂದೇ. ಜಮಖಂಡಿಯ ಸೋದರತ್ತೆ ತನ್ನ ಹೊಲಿಗೆ ಮಶೀನನ್ನು ಎರಡು ತಿಂಗಳಿಗೆಂದು ಕೊಟ್ಟಿದ್ದಳು. ಅಷ್ಟರಲ್ಲಿ ಹೊರಗಿನವರು ಒಬ್ಬರಾದರೂ ನನ್ನಿಂದ ಹೊಲಿಸಿಕೊಂಡರೆ ಅದು ನನ್ನಲ್ಲೇ ಉಳಿಯುವುದು, ಇಲ್ಲದಿದ್ದರೆ ವಾಪಸು ಹೋಗುವುದು. ಆದರೆ ಹೊರಗಿನವರ ಮೈ ಮುಟ್ಟಿ ಅಳೆಯುವುದೆಂದರೆ ನನಗೆ ಅಂಜಿಕೆ. ಬರೀ ಹೆಬ್ಬೆರಳು ಸಾಕಾದರೆ ಎಷ್ಟು ಚೆನ್ನ.

ಮನೆಯವರನ್ನೆಲ್ಲ ಅಳೆದು ನೋಡಿದೆ. ಅವ್ವನ ಕೊರಳಿನವರೆಗೆ ಲೆಕ್ಕ ಹೆಚ್ಚುಕಡಿಮೆ ಕೂಡಿತು, ಆರು ಹೆತ್ತ ನಡುವಿಗೆ ಕೂಡಲಿಲ್ಲ. ಅಪ್ಪನದು ಬೇರೆ ತಕರಾರು. ಮಗ್ಗದ ಹಿಡಿಕೆ ಜಗ್ಗಿ ಜಗ್ಗಿ ಅವನ ಬಲ ಹೆಬ್ಬೆರಳು ದಪ್ಪವಾಗಿತ್ತು. ಎಡಗೈ ಲೆಕ್ಕಕ್ಕೆ ಒಬ್ಬ ಅಪ್ಪ, ಬಲಗೈ ಲೆಕ್ಕಕ್ಕೆ ಇನ್ನೊಬ್ಬ ಅಪ್ಪ. ಹಡಗಿನವನದು ಯಾವ ಕೈ ಎಂದು ಕಾಕಾನನ್ನು ಕೇಳಿದೆ.

"ಬಲಗೈ ಅಂತ ಬರದೈತಿ. ಆದರ ಅವ ನೇಕಾರ ಅಲ್ಲಲ್ಲ, ಅನ್ನವ್ವಾ."

ಆ ವಾರವೇ ಮುಧೋಳದ ಒಂದು ಮರಾಠಾ ವಾಡೆಯ ಆಳು, ಶೇವಂತಿ ಎಂಬವಳು, ಸೀರೆ ಒಯ್ಯಲು ನಮ್ಮ ಮನೆಗೆ ಬಂದಳು. ನಾನು ತೊಟ್ಟಿದ್ದ, ನಡುವಿನ ತನಕ ಬರುವ ಪೋಲಕ ನೋಡಿ, ತನ್ನ ಒಡತಿ ಬಾಯಿಸಾಹೇಬರಿಗೂ ಅಂಥದೊಂದು ಬೇಕೆಂದಳು. ಬಾಯಿಸಾಹೇಬರು ಗೋಷಾದವರು, ವಾಡೆಯಿಂದ ಹೊರಗೆ ಬರುವುದಿಲ್ಲ. ಬಾಣಂತನದ ನಂತರ ಹಳೆಯವು ಒಂದೂ ಆಗುತ್ತಿಲ್ಲ. ನಾನೇ ಬಂದು ಅಳತೆ ತೆಗೆದುಕೊಳ್ಳಬೇಕು. ನಾನು ತಲೆ ತಗ್ಗಿಸಿ, ಅವರ ಬಲ ಹೆಬ್ಬೆರಳಿಗೆ ದಾರ ಸುತ್ತಿ ತಂದರೆ ಸಾಕು ಎಂದೆ.

ಎಂಟು ದಿನಕ್ಕೆ ಅವಳು ಎರಡು ಗಂಟು ಹಾಕಿದ ದಾರ ತಂದಳು. ಗಂಟಿನಿಂದ ಗಂಟಿಗೆ ಅಳೆದು ಎರಡರಷ್ಟು ಮಾಡಿದೆ. ಅಪ್ಪನ ಮಣಿಕಟ್ಟಿನಷ್ಟೇ ಬಂತು. ವಾಡೆಯಲ್ಲಿ ಕೂತವರಿಗೆ ನೇಕಾರನ ಕೈಯೇ? ಶೇವಂತಿ ನೀರು ಕುಡಿಯುತ್ತಿದ್ದಳು. ತಂಬಿಗೆ ಹಿಡಿದ ಅವಳ ಹೆಬ್ಬೆರಳು ಹಿಟ್ಟು ಬೀಸಿ ಬೀಸಿ ಅಗಲವಾಗಿತ್ತು. ಅದಕ್ಕೆ ದಾರ ಸುತ್ತಿದೆ. ಗಂಟಿಗೆ ಗಂಟು ಕೂಡಿತು.

"ಬೆರಳ ಕೊಡ್ರಿ ಅಂತ ಅವರನ್ನ ಹ್ಯಾಂಗ ಕೇಳ್ಲಿ ತಂಗೀ? ಹುಚ್ಚಿ ಅಂದಾರು," ಎಂದಳು ಶೇವಂತಿ.

ನನಗಿಂತ ಅಂಜುಬುರುಕಿ ಸಿಕ್ಕಿದ್ದಳು. ಮಶೀನಿನ ಗಡುವಿಗೆ ಆರೇ ದಿನ ಉಳಿದಿದ್ದವು. ಟೇಪನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವಳ ಬಂಡಿಯಲ್ಲೇ ಮುಧೋಳಕ್ಕೆ ಹೊರಟೆ.

ಬಾಯಿಸಾಹೇಬರು ತೋಳೆತ್ತಿ ನಿಂತರು. ಮೊದಲು ಹೆಬ್ಬೆರಳು ಕೊಡ್ರಿ ಎಂದೆ. ಯಾಕೆಂದು ಕೇಳಿದರು. ಹಡಗಿನವನ ಕಥೆಯನ್ನೆಲ್ಲ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅವರ ಮೈಯ ಅಳತೆ ಮುಗಿದದ್ದು ನನಗೆ ತಿಳಿಯಲೇ ಇಲ್ಲ.

ಬೆರಳಿನ ಲೆಕ್ಕಕ್ಕೆ ನಡು ಇಪ್ಪತ್ತೆರಡು ಇಂಚು, ಟೇಪಿನ ಲೆಕ್ಕಕ್ಕೆ ಮೂವತ್ತನಾಲ್ಕು. ಎರಡರಲ್ಲಿ ಖರೆ ಯಾವುದೆಂದು ಕೇಳಿದರು.

"ಟೇಪ್ರಿ," ಎಂದೆ.

ಅವರು ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹಂಗಾರ ಟೇಪಿನ ಅಳತೀಗೆ ಒಂದು ಹೊಲಿ. ಬೆರಳಿಂದೂ ಒಂದು ಹೊಲಿ. ಅದು ಯಾರ ಮೈಗೆ ಕೂಡತೈತಿ ನೋಡೂಣು."

ಗಡುವಿನೊಳಗೆ ಎರಡೂ ಮುಗಿದವು, ಅತ್ತೆ ಮಶೀನು ಕೇಳಲಿಲ್ಲ. ಮೊದಲು ಹೊಲಿದದ್ದು ಬೆರಳಿನದನ್ನೇ.