ದೇವರಿಗೇರದ ಕಣಗಿಲೆ

ಕಮಲಾಪುರದ ಆ ಓಣಿಗೆ ಒಳಚರಂಡಿ ಬರುತ್ತದೆ ಎಂದಾಗ ಎಲ್ಲರಿಗಿಂತ ಮೊದಲು ಸಂತೋಷಪಟ್ಟವಳು ಶುಭದಾ. ಮದುವೆಯಾಗಿ ಈ ಪೂಜಾರಿಕೆಯ ಮನೆಗೆ ಬಂದಾಗಿನಿಂದ ಓಣಿಯ ತೆರೆದ ಗಟಾರದ ವಾಸನೆಗೆ ಅವಳ ಮೂಗು ಒಗ್ಗಿಕೊಂಡಿರಲೇ ಇಲ್ಲ. ಹೀಗಾಗಿ ಸರ್ವೆಯವನು ಕೆಂಪು ಬಣ್ಣದ ಡಬ್ಬಿ ಹಿಡಿದು ಹಿತ್ತಲ ಬಾಗಿಲಿಗೆ ಬಂದಾಗ, ಯಾರೂ ಹೇಳದೆಯೇ ಚಹಾಕ್ಕೆ ನೀರಿಟ್ಟಳು.

"ನಿಮ್ಮ ಮನಿ ಸಂಡಾಸದ ಗುಂಡಿ ಎಲ್ಲಿ ಅದರೀ?" ಎಂದು ಅವನು ಕೇಳಿದ್ದು ಅಡಿಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು.

ಬಾಗಿಲಲ್ಲಿ ನಿಂತಿದ್ದವರು ಅವಳ ಅತ್ತೆ ಸಾವಿತ್ರೀಬಾಯಿ. ಓಣಿಗೆಲ್ಲ ಅವರು ಆಯಿ. ನೈವೇದ್ಯ ಇನ್ನೂ ಆಗಿರಲಿಲ್ಲ, ಉಟ್ಟದ್ದು ಮಡಿಸೀರೆ. ಅಂಥ ಹೊತ್ತಿನಲ್ಲಿ ಇಂಥ ಮಾತು ಕಿವಿಗೆ ಬಿದ್ದದ್ದಕ್ಕೇ ಅರ್ಧ ಮೈಲಿಗೆಯಾದಂತೆ ಸೆರಗು ಎಳೆದುಕೊಂಡರು.

"ನಮ್ಮಲ್ಲಿ ಅಂಥಾದ್ದೇನೂ ಇಲ್ಲಪಾ. ದೇವರ ಮನಿ ಇದು," ಎಂದರು.

ದೇವರ ಮನೆಯವರಿಗೂ ಹೊಟ್ಟೆಯೊಂದು ಇರುತ್ತದಲ್ಲ ಎಂದು ಅವನು ಕೇಳಬಹುದಿತ್ತು. ವಯಸ್ಸಿಗೆ ಮರ್ಯಾದೆ ಕೊಟ್ಟು ಕೇಳಲಿಲ್ಲ. ಹಿತ್ತಲಗೋಡೆಯ ಗುಂಟ ಕೆಂಪು ಗೆರೆ ಎಳೆದು, ಚಹಾ ಕುಡಿದು ಹೋದ. ಚಹಾ ಕೊಡುವಾಗ ಶುಭದಾ ಬಾಯಿ ತೆರೆಯಬೇಕೆಂದುಕೊಂಡಿದ್ದಳು, ತೆರೆಯಲಿಲ್ಲ. ಅತ್ತೆ ಇಲ್ಲ ಎಂದದ್ದನ್ನು ಪರರ ಮುಂದೆ ಇದೆ ಎನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಗುಂಡಿ ಇತ್ತು. ಮಾವನವರಿಗೆ ಲಕ್ವಾ ಹೊಡೆದು ಕೈಕಾಲು ಬಿದ್ದ ವರ್ಷ ಹಿತ್ತಲಲ್ಲಿ ಸಂಡಾಸ ಕಟ್ಟಿಸಿ, ಅದರ ಗುಂಡಿಯನ್ನು ಗೋಡೆಯಾಚೆ ಓಣಿಯ ಅಂಚಿನಲ್ಲಿ ತೋಡಿಸಿದ್ದರು. ಯಾರಿಗೂ ಗೊತ್ತಾಗದಂತೆ ಮೇಲೆ ಶಹಾಬಾದ ಕಲ್ಲಿನ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು, ಮಣ್ಣಿನಲ್ಲಿ ಒಂದು ಕಣಗಿಲೆ ಗಿಡ. ಗಿಡ ಸೊಕ್ಕಿ ಬೆಳೆದಿತ್ತು, ಮೈತುಂಬ ಹೂ ಬಿಡುತ್ತಿತ್ತು. ಎದುರು ಮನೆಯ ಮಲ್ಕಮ್ಮ, "ಆಯಿ, ಹೂವಿಗಂತ ಊರೆಲ್ಲಾ ತಿರಗತೀರಿ, ಬಾಗಲದಾಗಿನ ಗಿಡ ಯಾಕ ಮುಟ್ಟಂಗಿಲ್ಲ?" ಎಂದು ಎಷ್ಟೋ ಸಲ ಕೇಳಿದ್ದಳು. ಆಯಿ ನಕ್ಕು ಮಾತು ಮರೆಸುತ್ತಿದ್ದರು. ಆ ಗಿಡದ ಒಂದೇ ಒಂದು ಹೂವೂ ದೇವರ ತಲೆಗೆ ಏರಿದ್ದಿಲ್ಲ.

ಗೋಡೆಯ ಈಚೆಗೆ, ಹಿತ್ತಲಿನ ನಡುವೆ, ಬಾವಿ. ನಳದ ನೀರು ಬಂದಾಗ ಬಂತು, ಇಲ್ಲದಾಗ ಇಲ್ಲ. ಬಾವಿ ಮಾತ್ರ ಯಾರ ಕೈಯನ್ನೂ ಬಿಟ್ಟಿರಲಿಲ್ಲ. ಒಂದು ಕೆಟ್ಟ ಬೇಸಗೆಯಲ್ಲಿ ಮಾವನವರು ಹಿತ್ತಲ ಬಾಗಿಲು ತೆರೆದು, "ಎಲ್ಲಾರೂ ಸೇದಿಕೊಳ್ರಿ" ಎಂದಿದ್ದರಂತೆ. ಅಂದಿನಿಂದ ನಸುಕಿನಲ್ಲಿ ಆಯಿ ಮಡಿನೀರು ಸೇದಿಕೊಂಡ ಮೇಲೆ ಆ ಬಾಗಿಲು ಓಣಿಗೆಲ್ಲ ತೆರೆದೇ ಇರುತ್ತಿತ್ತು. ಸೇದಲು ಬರುವವರಲ್ಲಿ ಮಲ್ಕಮ್ಮನ ಕೊಡವೇ ಮೊದಲನೆಯದು.

ಕೆಲಸ ಶುರುವಾಯಿತು. ಓಣಿಯನ್ನು ಉದ್ದಕ್ಕೆ ಸೀಳಿದರು. ಕೆಂಪು ಬಾಳೆಯ ಗೊನೆ ಒಯ್ಯುವ ಟಂಟಂ ಗಾಡಿ ಒಳಗೆ ಬರದಾಯಿತು, ಜನ ಹಲಗೆಯ ಮೇಲೆ ಸರ್ಕಸ್ಸಿನವರಂತೆ ಓಡಾಡಿದರು, ರೊಟ್ಟಿಯಲ್ಲೂ ಧೂಳು ಹಲ್ಲಿಗೆ ಸಿಕ್ಕಿತು. ಆದರೂ ಯಾರೂ ಹೆಚ್ಚು ಗೊಣಗಲಿಲ್ಲ. ಒಳ್ಳೆಯದಾಗುವುದಕ್ಕೆ ಸ್ವಲ್ಪ ಕಷ್ಟ ಇದ್ದದ್ದೇ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು.

ಜೆಸಿಬಿ ನಡೆಸುವ ಖಾಜಾ ಕಣಗಿಲೆಯನ್ನು ಬುಡಸಮೇತ ಎತ್ತಿದ ದಿನ ಚಪ್ಪಡಿ ಮುರಿಯಿತು. ಗುಂಡಿಯ ಹೊಲಸು ಬಾವಿಗೆ ಇಳಿಯದಂತೆ ನೆಲದೊಳಗೆ ಅಡ್ಡವಾಗಿದ್ದ ಬಂಡೆಯನ್ನು ಅಷ್ಟರಲ್ಲೇ ಯಂತ್ರ ಒಡೆದಾಗಿತ್ತು. ಎದ್ದ ನಾತಕ್ಕೆ ಖಾಜಾ ಮೂಗಿಗೆ ಟವೆಲ್ ಕಟ್ಟಿಕೊಂಡು, "ಆಯೀ, ಇಲ್ಲಿ ಗುಂಡಿ ಇತ್ತೇನ್ರಿ?" ಎಂದು ಕೂಗಿದ.

"ಹಳೇ ಗಟಾರದ್ದಿರಬೇಕು," ಎಂದು ಆಯಿ ಬಾಗಿಲು ಹಾಕಿಕೊಂಡರು. ಒಮ್ಮೆ ಇಲ್ಲವೆಂದ ಮೇಲೆ ಈಗ ಇದೆ ಎನ್ನುವುದು ಹೇಗೆ? ಶುಭದಾ ಈಗಲೂ ಬಾಯಿ ತೆರೆಯಲಿಲ್ಲ. ಕೆಲಸದವರು ಮಣ್ಣು ತಳ್ಳಿ, ಪೈಪು ಕೂಡಿಸಿ, ಮುಚ್ಚಿ ಮುಂದೆ ಹೋದರು.

ಮಳೆ ಹಿಡಿದ ಮೇಲೆ ಬಾವಿಯ ನೀರು ಕಂಡೂ ಕಾಣದಷ್ಟು ಮಬ್ಬಾಯಿತು. ಹೊಸ ನೀರು ಇಳಿದಾಗ ಹೀಗಾಗುತ್ತದೆ ಎಂದರು ಎಲ್ಲರೂ. ವಾರ ಕಳೆಯುವುದರೊಳಗೆ ಮಲ್ಕಮ್ಮ ವಾಂತಿ ಭೇದಿಯಿಂದ ಹಾಸಿಗೆ ಹಿಡಿದಳು. ಆಟೋ ಓಣಿಗೆ ಬರುವಂತಿರಲಿಲ್ಲ. ಅವಳ ಮಗ ಮಾಳಿಂಗ ಅವಳನ್ನು ಬೆನ್ನ ಮೇಲೆ ಹೊತ್ತು, ತೋಡಿದ ಮಣ್ಣಿನ ದಿಬ್ಬಗಳನ್ನು ಹತ್ತಿ ಇಳಿದು, ದೊಡ್ಡ ರಸ್ತೆ ಮುಟ್ಟಿಸಿ ಕಲಬುರಗಿಯ ದವಾಖಾನೆಗೆ ಸೇರಿಸಿದ. ನೀರಿನಿಂದ ಬಂದ ಬೇನೆ ಎಂದರು ಡಾಕ್ಟರು.

ಓಣಿಯವರು ಬೈದದ್ದು ಗುತ್ತಿಗೆದಾರನನ್ನು, ಅಗೆಯುವಾಗ ಒಡೆದ ನಳವನ್ನು. ಬಾವಿಯ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಶುಭದಾ ಮಾತ್ರ ಹಗ್ಗ ಹಿಡಿದು ಬಾವಿಯೊಳಗೆ ಇಣುಕಿದಳು, ವಾಸನೆ ನೋಡಿದಳು, ಗುಂಡಿಯದೇ ನಾತ ಮೂಗಿಗೆ ಬಡಿಯಿತು. ಆ ದಿನವೇ ಬಾವಿಗೆ ಅಡ್ಡ ತಗಡು ಎಳೆದು, ಯಾರೂ ಸೇದಬೇಡಿ ಎಂದಳು. ಅಂದು ರಾತ್ರಿ ಗಂಡ ವಿಜಯೀಂದ್ರನಿಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಗುಂಡಿಯೂ ಗೊತ್ತು, ತಾಯಿಯ ಸ್ವಭಾವವೂ ಗೊತ್ತು.

"ಮೊದಲು ಆಫೀಸಿಗೆ ಹೋಗೂಣು. ಏನರೇ ಉಪಾಯ ಇರತದ," ಎಂದ.

ಮರುದಿನ ಮೂವರೂ, ಅಂದರೆ ಗಂಡ, ಹೆಂಡತಿ, ಒಡೆದ ನಳದ ದೂರು ಕೊಡಲು ಹೊರಟ ಮಾಳಿಂಗ, ಕಲಬುರಗಿ ಬಸ್ಸು ಹತ್ತಿದರು. ಜಗತ್ ವೃತ್ತದ ಗದ್ದಲ ದಾಟಿ ಒಂದು ಕಚೇರಿ, ಅಲ್ಲಿಂದ ಇನ್ನೊಂದು ಕಚೇರಿಗೆ ಅಲೆದು, ಕಡೆಗೆ ಕೆಲಸ ನೋಡಿಕೊಳ್ಳುವ ಇಂಜಿನಿಯರು ಸಿಕ್ಕರು. ಕೆಟ್ಟ ಮನುಷ್ಯನಲ್ಲ. ಕುರ್ಚಿ ಕೊಟ್ಟು ಕೂಡಿಸಿದರು.

"ನಿಮ್ಮ ಓಣ್ಯಾಗ ಗುಂಡಿ ಇದ್ದ ಮನಿ ಮುಂದ ಲೈನು ಆಕಡಿ ಸರಿಸೀವಿ. ಬಾವಿ ಹತ್ರ ಯಾವ ಗುಂಡೀನೂ ಇದ್ದಿಲ್ಲಲ್ರೀ?" ಎಂದರು.

"ಇದ್ದಿಲ್ಲರಿ," ಎಂದ ವಿಜಯೀಂದ್ರ. ತಾಯಿಯ ಮಾತು ಮಗನ ಬಾಯಿಂದ ತಾನಾಗಿಯೇ ಬಂತು.

ಶುಭದಾಳಿಗೆ ಮಾಳಿಂಗನ ಬೆನ್ನ ಮೇಲೆ ತಲೆ ಜೋತುಬಿಟ್ಟಿದ್ದ ಮಲ್ಕಮ್ಮ ಕಣ್ಣ ಮುಂದೆ ಬಂದಳು. "ಇತ್ತರಿ ಸಾಹೇಬರ. ನಮ್ಮ ಮನೀದು. ಹೇಳಲಾರದ್ದು ನಮ್ಮ ತಪ್ಪು. ಈಗ ಏನ್ ಮಾಡಬೇಕು ಹೇಳ್ರಿ, ಬಾವಿ ಉಳಿಸಿಕೊಡ್ರಿ," ಎಂದಳು.

ಗಂಡ ನೆಲ ನೋಡಿದ. ಮಾಳಿಂಗ ಅವಳನ್ನೇ ನೋಡಿದ. ಇಂಜಿನಿಯರು ನಕ್ಷೆ ಬಿಡಿಸಿ ಆ ಜಾಗದ ಮೇಲೆ ಬೆರಳಿಟ್ಟರು.

"ಅವಾಗ ಒಂದು ಮಾತು ಹೇಳಿದ್ರ ಗುಂಡಿ ಖಾಲಿ ಮಾಡಿಸಿ, ಲೈನ್ ಆಚಿಕಡಿ ಒಯ್ತಿದ್ವಿ ತಾಯಿ. ಈಗ ನಡುವಿನ ಬಂಡಿಗಲ್ಲು ಒಡದದ, ಹೊಲಸು ಬಾವಿಗಿ ಇಳೀತದ. ಒಡದ ಕಲ್ಲು ಕೂಡಸಾಕ ನನ್ನ ಕಡಿ ಏನೂ ಇಲ್ಲ. ಬಾವಿ ಮುಚ್ಚಬೇಕಾಗ್ತದ."

ಶುಭದಾ ಕೈಮುಗಿದಳು. ನೀರು ಹೊರಹಾಕಿಸೋಣ, ಔಷಧಿ ಹಾಕಿಸೋಣ, ಇನ್ನೂ ಆಳಕ್ಕೆ ತೋಡಿಸೋಣ ಎಂದಳು. ಒಂದೊಂದಕ್ಕೂ ಅವರು ತಲೆ ಅಲ್ಲಾಡಿಸಿದರು. ನಿಜ ಹೇಳಿದರೆ ಏನಾದರೂ ಉಳಿದೀತೆಂದು ಬಂದವಳಿಗೆ ಏನೂ ಉಳಿಯಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮಾಳಿಂಗ ಕಿಟಕಿಯ ಹೊರಗೆ ನೋಡುತ್ತ ಕೂತ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕಮಲಾಪುರದಲ್ಲಿ ಇಳಿದ ಮೇಲೆ ಒಂದೇ ಮಾತು ಹೇಳಿದ.

"ವೈನಿ, ಅವ್ವಗ ಇದು ತಿಳಿಯೂದು ಬ್ಯಾಡ. ಆಯಿ ಅಂದ್ರ ಅಕಿಗಿ ದೇವರಿದ್ದಂಗ. ಈಗ ಅಕಿ ಮೈಯಾಗ ಶಕ್ತಿ ಇಲ್ಲ."

ಬಾವಿ ಮುಚ್ಚಲು ಮಣ್ಣನ್ನು ದೂರದಿಂದ ತರಬೇಕಾಗಲಿಲ್ಲ. ಓಣಿಯಿಂದಲೇ ತೋಡಿದ ಮಣ್ಣು ರಾಶಿ ಬಿದ್ದಿತ್ತು, ಅದನ್ನೇ ಸುರಿದರು. ಆಯಿ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಕಚೇರಿಯ ಮಾತನ್ನೆಲ್ಲ ಮಗ ಅವರಿಗೆ ಹೇಳಿದ್ದ. ಮರುದಿನ ನಸುಕಿನಲ್ಲಿ ಅಭ್ಯಾಸಬಲದಿಂದ ತಾಮ್ರದ ಕೊಡ ಹಿಡಿದು ಹಿತ್ತಲಿಗೆ ಹೋಗಿ, ಮಣ್ಣಿನ ದಿಬ್ಬದ ಮುಂದೆ ನಿಂತು, ಖಾಲಿ ಕೊಡದೊಂದಿಗೆ ಮರಳಿದರು. ಶುಭದಾ ತರಿಸಿದ ಫಿಲ್ಟರ್ ನೀರಿನ ಕ್ಯಾನನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

ಮಲ್ಕಮ್ಮ ಮನೆಗೆ ಬಂದಳು, ಅರ್ಧ ಆಗಿ. ಅಷ್ಟರಲ್ಲಿ ಓಣಿಗೆ ಕಾಂಕ್ರೀಟು ಹಾಕಿ, ಯಾರೂ ತುಳಿಯದಂತೆ ಹಗ್ಗ ಕಟ್ಟಿದ್ದರು. ಸಂಜೆ ಮಾಳಿಂಗ ಅಂಚಿನ ಹಲಗೆ ದಾಟಿ ಹಿತ್ತಲ ಬಾಗಿಲಿಗೆ ಬಂದ. ಕೈಯಲ್ಲಿ ಅವ್ವನ ಕೊಡವಿತ್ತು.

"ನಳದ ನೀರಿಂದನ ಬೇನಿ ಬಂತು ಅಂತಾಳ ಅವ್ವ, ವೈನಿ. ಬಾವಿ ಮುಚ್ಚಿದ್ದು ಅಕಿಗಿ ಇನ್ನೂ ಗೊತ್ತಿಲ್ಲ. ಆಯಿ ಬಾವಿ ನೀರ ಕುಡದ್ರ ಗುಣ ಆಗ್ತೀನಿ ಅಂತ ಹಟ ಹಿಡದಾಳ. ಬ್ಯಾರೆ ನೀರು ಬಾಯಿಗಿ ಹಚ್ಚಾಕ ಒಲ್ಲಳು," ಎಂದ.

ಶುಭದಾ ಬಾಯಿ ತೆರೆಯುವ ಮೊದಲೇ ಆಯಿ ಎದ್ದು ಬಂದರು. ಆ ದಿನದವರೆಗೆ ಮುಟ್ಟದಿದ್ದ ಕ್ಯಾನನ್ನು ತಾವೇ ಬಗ್ಗಿಸಿ ಕೊಡ ತುಂಬಿದರು. ಮಾಳಿಂಗ ತಲೆ ತಗ್ಗಿಸಿ ಒಯ್ದ.

ಎದುರು ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ ಮಲ್ಕಮ್ಮ ನೀರಿನ ಚರಿಗೆ ಎತ್ತಿ, ಕಣ್ಣು ಮುಚ್ಚಿಕೊಂಡು, ತಡೆತಡೆದು ಕುಡಿದಳು. ಆಮೇಲೆ ಒಣಗದ ಕಾಂಕ್ರೀಟಿನ ಆಚೆಯಿಂದ ಕೂಗಿ ಹೇಳಿದಳು.

"ಈಗ ಜೀವ ಬಂತು ನೋಡ್ರಿ ಆಯಿ. ಈ ರುಚಿ ಬ್ಯಾರೆ ಕಡಿ ಎಲ್ಲೂ ಇಲ್ಲ."

ಆಯಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. ಹಸಿ ಕಾಂಕ್ರೀಟಿನತ್ತ ಹೆಜ್ಜೆ ಎತ್ತಿದರು. ಶುಭದಾ ಅವರ ರಟ್ಟೆ ಹಿಡಿದುಕೊಂಡಳು.

"ನಾಳಿಗೂ ಒಂದು ಕೊಡ ಸೇದಿ ಇಡ್ರಿ," ಎಂದಳು ಮಲ್ಕಮ್ಮ.